ಸ್ವಿಚ್ಚಿನೊಳಗಿನ ಪಂಕ್ತಿ

ಹೊಳೆದಂಡೆಯ ಮಠಕ್ಕೆ ಇಂಟರ್ನೆಟ್ಟಿನ ಫೈಬರ್ ತಂತಿ ಬಂತು. ಪ್ರವಚನ ಮಂಟಪ, ಮಕ್ಕಳ ಸಾಲಿ, ದವಾಖಾನೆ ಮೂರಕ್ಕೂ ಅದನ್ನು ಹಂಚಿಕೊಡುವ ಸ್ವಿಚ್ ಎಂಬ ಪೆಟ್ಟಿಗೆ ಬೇಕಾಯಿತು. ಆರಿಸುವ ಕೆಲಸ ಅಡಿವಯ್ಯನ ಪಾಲಿಗೆ ಬಂತು. ಶಿಷ್ಯರಲ್ಲಿ ಕಂಪ್ಯೂಟರ್ ಬಲ್ಲವನು ಅವನೊಬ್ಬನೇ. ಅದರ ಜಂಬವೂ ಒಂದಿಷ್ಟು ಇತ್ತೆನ್ನಿ.

ಹದಿನೈದು ದಿನ ಅಳೆದು ತೂಗಿ ಒಂದನ್ನು ತರಿಸಿ ಗುರುಗಳ ಮುಂದಿಟ್ಟ. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

“ಇದನ್ನ ಯಾಕ ಆರಿಸಿದಿ?”

“ಸಾದಾ ಸ್ವಿಚ್ಚು ಬಂದಂಗ ಹಂಚತೈತ್ರಿ ಅಜ್ಜಾರ. ಇದು ಮ್ಯಾನೇಜ್ಡ್ ಸ್ವಿಚ್ಚು. ಯಾರಿಗೆ ಮೊದಲು, ಯಾರಿಗೆ ಆಮ್ಯಾಲೆ ಅಂತ ಹೇಳಿದಂಗ ಕೇಳತೈತಿ.”

“ಹೇಳಾವ ಯಾರು?”

“ನಾನ ರೀ.”

“ಹಂಗಾರ ಆರಿಸೂದು ಇನ್ನೂ ಮುಗದಿಲ್ಲ.”

ಅಡಿವಯ್ಯ ನಕ್ಕ. ಗುರುವಿನ ಮಾತಿಗಿಂತ ದೊಡ್ಡದು ಯಾವುದಿದೆ ಎಂದುಕೊಂಡು ಪ್ರವಚನದ ನೇರ ಪ್ರಸಾರಕ್ಕೆ ಮೊದಲ ಸ್ಥಾನ ಕೊಟ್ಟ. ಆಮೇಲೆ ಸಾಲಿ. ಕಟ್ಟಕಡೆಗೆ ದವಾಖಾನೆ.

ಶ್ರಾವಣದ ಒಂದು ಸೋಮವಾರ ಮುಂಜಾನೆ ಅಂಬಿಗರ ಸಂಗಪ್ಪ ಎದೆ ಹಿಡಿದುಕೊಂಡು ದವಾಖಾನೆಗೆ ಬಂದ. ನರ್ಸ್ ನೀಲವ್ವ ಅವನ ಇಸಿಜಿ ತೆಗೆದು ಪಟ್ಟಣದ ಹೃದಯದ ಡಾಕ್ಟರಿಗೆ ಕಳಿಸಹೊರಟಳು.

ಅದೇ ಹೊತ್ತಿಗೆ ಎಲ್ಲೋ ತಂತಿಗೆ ಪೆಟ್ಟು ಬಿದ್ದು ಲೈನು ಸೊರಗಿತು. ಸ್ವಿಚ್ಚು ಹೇಳಿದಂತೆಯೇ ಕೇಳಿತು. ಉಳಿದಷ್ಟನ್ನೂ ಪ್ರವಚನಕ್ಕೆ ಕೊಟ್ಟಿತು. ಊರೂರಿನ ಭಕ್ತರಿಗೆ ಅಜ್ಜಾರ ಮಾತು ಒಂದಕ್ಷರ ತಪ್ಪದೆ ಕೇಳಿತು. ಇಸಿಜಿ ಮಾತ್ರ ನಲವತ್ತು ನಿಮಿಷ ಹೋಗಲೇ ಇಲ್ಲ. ಹೊಳೆದಂಡೆಯಲ್ಲಿ ಫೋನಿನ ಸಿಗ್ನಲ್ ಮೊದಲೇ ಇರಲಿಲ್ಲ.

ಸಂಗಪ್ಪನ ಜೀವ ಉಳಿಯಿತು. ಆದರೆ ತಡವಾದ್ದರಿಂದ ಗುಂಡಿಗೆ ಸೋತಿದೆ, ಇನ್ನು ಜೀವಮಾನದಲ್ಲಿ ಹುಟ್ಟು ಹಿಡಿಯುವಂತಿಲ್ಲ ಎಂದರು ಡಾಕ್ಟರು. ಅವನ ಮನೆ ನಡೆಯುತ್ತಿದ್ದುದು ಮಂದಿಯನ್ನು ಹೊಳೆ ದಾಟಿಸುವ ದೋಣಿಯಿಂದಲೇ.

ಮರುದಿನ ಅಡಿವಯ್ಯ ಅಜ್ಜಾರ ಮುಂದೆ ನಿಂತ.

“ಸ್ವಿಚ್ಚು ಸಣ್ಣದಾತ್ರಿ ಅಜ್ಜಾರ. ಇನ್ನೂ ದೊಡ್ಡದು ತರಸೋಣು.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮಧ್ಯಾಹ್ನ ದಾಸೋಹದ ಗಂಟೆ ಮೊಳಗಿತು. ಬಂದವರಲ್ಲಿ ಕೊನೆಯವರು ಉಂಡೆದ್ದ ಮೇಲೆಯೇ ಅಜ್ಜಾರ ಊಟ, ಅದು ಮಠದ ರೂಢಿ. ಅಂದು ಮಾತ್ರ ಅವರು ಎಲ್ಲರನ್ನೂ ದಾಟಿ ಹೋಗಿ ಪಂಕ್ತಿಯ ಮೊದಲಿಗೆ ಕುಳಿತರು.

“ಬಡಸು ಅಡಿವಯ್ಯಾ. ನಾ ಉಂಡು ಏಳೂತನಕ ಯಾರಿಗೂ ಬಡಸಬ್ಯಾಡ.”

ಅಡಿವಯ್ಯ ಬಡಿಸಿದ. ಅಜ್ಜಾರು ರೊಟ್ಟಿಯನ್ನು ಚೂರುಚೂರಾಗಿ ಮುರಿಯುತ್ತ ಕುಳಿತರು. ಬೆಳಗಿನಿಂದ ನಡೆದು ಬಂದ ಮುದುಕಿಯೊಬ್ಬಳು ಖಾಲಿ ತಾಟು ನೋಡುತ್ತಿದ್ದಳು. ಎಳೆಗೂಸಿನ ಬಾಣಂತಿಯೂ ಇದ್ದಳು.

ಅಡಿವಯ್ಯನಿಗೆ ತಡೆಯಲಾಗಲಿಲ್ಲ. “ಅಜ್ಜಾರ, ಹಸದವರು ಕುಂತಾರ್ರಿ. ಇದು ನಿಮಗ ಚಂದಲ್ಲ.”

“ನನ್ನ ಇಲ್ಲಿ ಕುಂದ್ರಿಸಿದಾವ ನೀನ ಅಲ್ಲೇನು?”

ಅಡಿವಯ್ಯನಿಗೆ ಸ್ವಿಚ್ಚಿನ ಸರದಿ ನೆನಪಾಯಿತು. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ತಾನು ಭಕ್ತಿ ಎಂದುಕೊಂಡದ್ದರಲ್ಲಿ ಅರ್ಧಪಾಲು ಅಜ್ಜಾರ ಬಾಯಿಂದ ಭೇಷ್ ಎನಿಸಿಕೊಳ್ಳುವ ಆಸೆ. ಅದು ಅವನಿಗೆ ಒಳಗೊಳಗೆ ಗೊತ್ತಿತ್ತು. ಈಗ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಗೊತ್ತಾದಂತೆ ಅನಿಸಿ ಮುಖ ಎತ್ತಲಾಗಲಿಲ್ಲ.

ಅಜ್ಜಾರು ಒಂದು ತುತ್ತನ್ನೂ ಬಾಯಿಗಿಡದೆ ಎದ್ದರು. “ಇನ್ನ ಬಡಸು.”

ಊಟ ಮುಗಿದ ಮೇಲೆ ಅಡಿವಯ್ಯ ಸ್ವಿಚ್ಚಿನ ಸರದಿ ಬದಲಿಸಿದ. ದವಾಖಾನೆ ಮೊದಲು. ಪ್ರವಚನ ಕಟ್ಟಕಡೆಗೆ.

ಆಮೇಲೆ ಹೊಳೆಯ ಮೆಟ್ಟಿಲಿಗೆ ಬಂದ. ಅಜ್ಜಾರು ಅಲ್ಲಿ ಕುಳಿತಿದ್ದರು. ಸಂಗಪ್ಪನ ದೋಣಿ ಗೂಟಕ್ಕೆ ಕಟ್ಟಿದಂತೆಯೇ ಇತ್ತು.

“ಸರದಿ ಸರಿ ಮಾಡೇನ್ರಿ.”

“ಹೂಂ.”

“ಸಂಗಪ್ಪನ ಮಾರಿ ನೋಡಾಕ ಧೈರ್ಯ ಸಾಲವಲ್ದು ಅಜ್ಜಾರ. ತಪ್ಪಾತು ಅಂತ ಯಾವ ಬಾಯಿಲೆ ಕೇಳ್ಲಿ?”

ಅಜ್ಜಾರು ಹೊಳೆಯಾಚೆ ನೋಡುತ್ತಿದ್ದರು. ಅಲ್ಲಿಂದ ಯಾರೋ ಟವೆಲು ಬೀಸಿ ಕೂಗುತ್ತಿದ್ದರು.

“ಅದು ಆಮ್ಯಾಲೆ. ಆಚೀ ದಂಡಿಮ್ಯಾಲ ಮಂದಿ ಕಾಯಾಕತ್ತಾರ. ಮೊದಲ ಹೋಗಿ ಹುಟ್ಟು ಹಿಡಿ.”