ಮುನಿಸ್ವಾಮಪ್ಪನವರ ಮದುವೆ ಜಾಹೀರಾತು

ಕೋಲಾರದಲ್ಲಿ ಮದುವೆ ಬ್ಯಾಂಡ್ ನಡೆಸುವ ಮುನಿಸ್ವಾಮಪ್ಪನವರು ಗುಮಾಸ್ತೆ ಸುಗುಣಳಿಗೆ ಅಪ್ಪಣೆ ಕೊಟ್ಟರು. "ಇಂಟರ್‌ನೆಟ್ಟಲ್ಲಿ ಯಾರು ‘ಮದುವೆ’ ಅಂತ ಹುಡುಕಿದ್ರೂ ನಮ್ಮ ಜಾಹೀರಾತೇ ಮೊದಲು ಬರ್ಬೇಕು. ಇಲ್ದಿದ್ರೆ ನಿನ್ನ ಕೆಲಸ ಹೋಯ್ತು ಅಂದ್ಕೋ."

"ಜಾಹೀರಾತನ್ನ ಯಾರು ಒತ್ತಿದ್ರೂ ಪ್ರತಿ ಸಲ ನಮ್ಮ ದುಡ್ಡು ಹೋಗತ್ತೆ ಸಾರ್. ‘ಮದುವೆ ಬ್ಯಾಂಡ್’ ಅಂತ ಹುಡುಕೋರಿಗೆ ಮಾತ್ರ ತೋರಿಸೋಣ."

"ಬ್ಯಾಂಡ್ ಅಂತ ಯಾಕೆ? ನನ್ನ ಹೆಸರು ಹಾಕು, ಸಾಕು."

ಸುಗುಣ ‘ಮದುವೆಗೆ ಮುನಿಸ್ವಾಮಪ್ಪ, ಕೋಲಾರ’ ಅಂತಷ್ಟೇ ಹಾಕಿ, ಕೆಳಗೆ ಅವರ ಮನೆ ಫೋನ್ ನಂಬರು ಕೊಟ್ಟಳು.

ಮರುದಿನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಒಬ್ಬರು ಜಾತಕ ಕೇಳಿದರು, ಇನ್ನೊಬ್ಬರು ಸಂಬಳ ಎಷ್ಟು ಅಂದರು. ಬ್ಯಾಂಡ್ ಯಾರಿಗೂ ಬೇಡ. ಮಧ್ಯಾಹ್ನ ಫೋನೆತ್ತಿದ್ದು ಹೆಂಡತಿ ಚೌಡಮ್ಮ.

"ರೀ, ಹುಡುಗಿ ಕಡೆಯೋರಂತೆ. ಮುನಿಸ್ವಾಮಪ್ಪನಿಗೆ ಎಷ್ಟು ವಯಸ್ಸು ಅಂತ ಕೇಳ್ತಾವ್ರೆ."

ಮುನಿಸ್ವಾಮಪ್ಪನವರು ಬರಿಗಾಲಲ್ಲೇ ಬ್ಯಾಂಡ್ ಅಂಗಡಿಗೆ, ಸುಗುಣಳ ಹತ್ತಿರ ಓಡಿದರು.

"ನಿಂಗಿಷ್ಟ ಬಂದ ಪದ ಹಾಕವ್ವ, ಕೆಲಸ ನಿಂದೇ. ಮೊದಲು ಮನೆಗೆ ಬಂದು, ಅದು ಬ್ಯಾಂಡಿನ ಜಾಹೀರಾತು ಅಂತ ಚೌಡಮ್ಮಂಗೊಂದು ಮಾತು ಹೇಳು."