ಎತ್ತು ಮಲಗಿದ ದಿಣ್ಣೆ

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ವರ್ಮಾಂಟ್ ಎಂಬ ಗುಡ್ಡಗಾಡು ಸೀಮೆಯಲ್ಲಿ, ಸ್ಟೋಕ್‌ಬರಿ ಎಂಬ ಸಣ್ಣ ಊರೊಂದಿದೆ. ಹೆಸರಿಗೆ ಒಂದೇ ಊರು. ನೋಡಿದರೆ, ಉದ್ದಕ್ಕೂ ಹಬ್ಬಿದ ದಿಣ್ಣೆಯ ಆಚೆಗೊಂದು ಕೇರಿ, ಈಚೆಗೊಂದು ಕೇರಿ. ದಿಣ್ಣೆಯ ನೆತ್ತಿಯ ಮೇಲೆ ಬಿಳಿಯ ಬಣ್ಣದ ಹಲಗೆ ಹೊಡೆದ ಹಳೆಯ ಕಟ್ಟಡವೊಂದು ನಿಂತಿದೆ. ಮೊದಲ ಸಲ ನೋಡಿದವರು ತಮಗೇ ತಲೆ ತಿರುಗಿತೇನೋ ಎಂದುಕೊಳ್ಳುತ್ತಾರೆ. ಏಕೆಂದರೆ ಅದು ರಸ್ತೆಗೂ ಮುಖ ಮಾಡಿಲ್ಲ, ಮೂಡಲಿಗೂ ಇಲ್ಲ, ಪಡುವಲಿಗೂ ಇಲ್ಲ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬಂತೆ ಓರೆಯಾಗಿ, ಒಂದು ಮೂಲೆಯನ್ನು ದಾರಿಗೆ ಚಾಚಿಕೊಂಡು ನಿಂತಿದೆ. ಕಟ್ಟಿದವನಿಗೆ ಕಣ್ಣಿರಲಿಲ್ಲವೇ ಎಂದು ಕೇಳಿದರೆ ಊರಿನ ಹಿರಿಯರು ನಗುತ್ತಾರೆ. ಕಟ್ಟಿದವನನ್ನು ಯಾಕೆ ಬೈಯುತ್ತೀರಿ, ಅದನ್ನು ಅಲ್ಲಿ ಯಾರೂ ಕಟ್ಟಲೇ ಇಲ್ಲ ಎನ್ನುತ್ತಾರೆ. ಆ ದಿಣ್ಣೆಗೆ ಅವರ ಬಾಯಲ್ಲಿ ಆಕ್ಸ್‌ಬೆಡ್ ಹಿಲ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಎತ್ತು ಮಲಗಿದ ದಿಣ್ಣೆ. ಬಂಡಿ ನಿಂತಲ್ಲೇ ದೇವರು ನೆಲೆಯಾದ ಕಥೆ ನಮ್ಮಲ್ಲಿ ಹೋಬಳಿಗೊಂದು ಸಿಗುತ್ತದೆ. ಅಲ್ಲಿ ನಿಂತದ್ದು ದೇವರ ಮನೆಯೇ. ನಿಲ್ಲಿಸಿದ್ದು ದೇವರೋ ಊರವರ ಜಗಳವೋ ಎಂಬುದನ್ನು ಕೇಳಿದವರೇ ತೀರ್ಮಾನಿಸಿಕೊಳ್ಳಲಿ.

ಹಿಂದೆ ಒಮ್ಮೆ, ಆ ಸೀಮೆಯವರು ಇಂಗ್ಲೆಂಡಿನ ದೊರೆಯ ಆಳ್ವಿಕೆಯನ್ನು ಕಿತ್ತೊಗೆದು ಇನ್ನೂ ಹೆಚ್ಚು ವರ್ಷ ಕಳೆಯದಿದ್ದ ಕಾಲದಲ್ಲಿ, ಈ ಕಟ್ಟಡ ಮೂಡಲ ಕೇರಿಯ ತಗ್ಗಿನಲ್ಲಿತ್ತು. ಅದಕ್ಕೆ ಕೂಟದ ಮನೆ ಎಂದು ಹೆಸರು. ಭಾನುವಾರ ಅಲ್ಲಿ ಪ್ರಾರ್ಥನೆ ನಡೆಯುತ್ತಿತ್ತು, ಉಳಿದ ದಿನ ಊರ ಸಭೆ. ಆ ಜನಕ್ಕೆ ಸಭೆಯೆಂದರೆ ಪ್ರಾಣ. ದೊರೆಯನ್ನು ಓಡಿಸಿದ ಮೇಲೆ ಎಲ್ಲವನ್ನೂ ಕೈ ಎತ್ತಿಸಿಯೇ ತೀರ್ಮಾನಿಸಬೇಕೆಂಬ ಹಟ ಅವರದು. ಬೇಲಿ ನೋಡಿಕೊಳ್ಳುವವನು ಯಾರು ಎಂಬುದಕ್ಕೂ ಕೈ ಎತ್ತಬೇಕು, ಬೀದಿ ಅಲೆಯುವ ಹಂದಿ ನೆಲ ಕೆದಕದಂತೆ ಅದರ ಮೂಗಿಗೆ ಬಳೆ ಹಾಕಬೇಕೇ ಬೇಡವೇ ಎಂಬುದಕ್ಕೂ ಕೈ ಎತ್ತಬೇಕು. ಒಬ್ಬರನ್ನೊಬ್ಬರು ಸಹೋದರ ಎಂದೇ ಕರೆಯುತ್ತಿದ್ದರು. ಬೈಯುವಾಗಲೂ ಸಹೋದರ ಎಂದೇ ಬೈಯುತ್ತಿದ್ದರು. ಹೆಂಗಸರಿಗೆ ಮಾತ್ರ ಕೈ ಎತ್ತುವ ಹಕ್ಕಿರಲಿಲ್ಲ. ಸಭೆ ನಡೆಯುವಾಗ ಹಿಂದೆ ಕುಳಿತು ಕಾಲುಚೀಲ ಹೆಣೆಯಬಹುದಿತ್ತು, ಅಷ್ಟೇ.

ಮೂಡಲ ಕೇರಿಯಲ್ಲಿ ಅಸಾಹೆಲ್ ಟಿಲ್ಡನ್ ಎಂಬ ಒಕ್ಕಲಿದ್ದ. ಎತ್ತು ಹೊಡೆಯುವುದರಲ್ಲಿ ಆ ಸೀಮೆಯಲ್ಲೇ ಅವನ ಸಮ ಯಾರೂ ಇರಲಿಲ್ಲವಂತೆ. ಕೈಯಲ್ಲಿ ಬಾರುಕೋಲು ಇರುತ್ತಿತ್ತು, ಆದರೆ ಅದು ಎತ್ತಿನ ಮೈಗೆ ತಾಗಿದ್ದನ್ನು ಕಂಡವರಿಲ್ಲ. ಮೆಲ್ಲಗೆ ಮಾತಾಡಿಯೇ ಎತ್ತುಗಳಿಂದ ದಿಮ್ಮಿ ಎಳೆಸುತ್ತಿದ್ದ. ಅವನ ಹೆಂಡತಿ ಕೆಜಾಯಾ. ಮದುವೆಯಾದ ಹೊಸತರಲ್ಲಿ ಕಾಡು ಕಡಿಯುವಾಗ ಮರವೊಂದು ಅಡ್ಡ ಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ಕೂಡಿಕೊಂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಕೋಲೂರಿಕೊಂಡು ಕೂಟದ ಮನೆಯವರೆಗೆ ಹೋಗಿ ಬರುವುದು ಅವಳ ಕಾಲಿಗೆ ಎಟಕುವ ದೂರ, ಅದಕ್ಕಿಂತ ಹೆಚ್ಚಿಲ್ಲ. ಕುದುರೆ ಇಡುವ ಅನುಕೂಲ ಅವರಿಗಿರಲಿಲ್ಲ. ಎತ್ತಿನ ಬಂಡಿಯಲ್ಲಿ ಕರೆದುಕೊಂಡು ಹೋಗೋಣವೆಂದರೆ, ಭಾನುವಾರ ಎತ್ತಿನ ಹೆಗಲಿಗೆ ನೊಗ ಇಡುವುದು ಆ ಊರಲ್ಲಿ ಮಹಾಪಾಪ. ಮಕ್ಕಳಿಲ್ಲದ ಮನೆ, ಸುತ್ತ ಕಾಡು, ಆರು ದಿನ ಎತ್ತಿನ ಮುಖ ಗಂಡನ ಮುಖ ಬಿಟ್ಟರೆ ಮೂರನೆಯದನ್ನು ಕಾಣದ ಹೆಂಗಸಿಗೆ ಆ ಒಂದು ಭಾನುವಾರವೇ ಹಬ್ಬ, ಅದೇ ತವರು. ಶನಿವಾರ ಸಂಜೆಯಿಂದಲೇ ಅವಳ ಮುಖ ಅರಳುತ್ತಿತ್ತು ಎನ್ನುತ್ತಾರೆ.

ಇಂಥದ್ದರಲ್ಲಿ ಪಡುವಲ ಕೇರಿಯವರು, ಕೂಟದ ಮನೆಯನ್ನು ನಮ್ಮ ಕಡೆಗೆ ಸಾಗಿಸಬೇಕು ಎಂದು ಪಟ್ಟು ಹಿಡಿದರು. ಅವರ ಮುಂದಾಳು ಜೋಥಮ್ ಬರ್ಡ್ಸಿ, ಪಾದ್ರಿಯ ಬಲಗೈಯಂತಿದ್ದ ಗಟ್ಟಿ ಕುಳ. ಒಂದು ಸಲ ಹಿಡಿದದ್ದನ್ನು ಬಿಡುವ ಜಾಯಮಾನ ಅವನದಲ್ಲ. ಹೊಸದೊಂದು ಕಟ್ಟಲು ಊರಿಗೆ ಶಕ್ತಿಯಿಲ್ಲ, ಇದ್ದದ್ದನ್ನೇ ಚಳಿಗಾಲದಲ್ಲಿ ದೊಡ್ಡ ದಿಮ್ಮಿಗಳ ಮೇಲೆ ಕೂರಿಸಿ, ಎಲ್ಲರ ಎತ್ತು ಕಟ್ಟಿ, ಹಿಮದ ಮೇಲೆ ಜಾರಿಸಿಕೊಂಡು ದಿಣ್ಣೆ ದಾಟಿಸಿಬಿಡೋಣ ಎಂದ. ಮೂಡಲದವರು ಗಹಗಹಿಸಿ ನಕ್ಕರು. ದಿಣ್ಣೆ ಹತ್ತಿಸುವ ಗಂಡು ಯಾರಿದ್ದಾನೆ ಎಂದು ಯಾರೋ ಕೆಣಕಿದರು. ಆಗ ನೋಡಿ, ನಮ್ಮ ಅಸಾಹೆಲನಿಗೆ ತಡೆಯಲಾಗಲಿಲ್ಲ. ತನ್ನ ವಿದ್ಯೆಯ ಮಾತು ಬಂದರೆ ಯಾವ ಗಂಡಸು ಸುಮ್ಮನಿರುತ್ತಾನೆ? ಎದ್ದು ನಿಂತು, ಊರು ಯಾವ ಕಡೆ ಕೈ ಎತ್ತಿದರೂ ಸರಿಯೇ, ಎಳೆಸುವ ಹೊಣೆ ನನ್ನದು ಎಂದುಬಿಟ್ಟ. ಸಾಗಿಸುವುದಕ್ಕೆ ಆಗುವುದಿಲ್ಲ ಎಂದು ಹೆದರಿ ಹಿಂದೆಗೆದಿದ್ದವರೆಲ್ಲ ಆ ಮಾತು ಕೇಳಿ ಧೈರ್ಯ ತಂದುಕೊಂಡು ಜೋಥಮನ ಕಡೆಗೆ ಕೈ ಎತ್ತಿದರು. ಕೂದಲೆಳೆಯ ಅಂತರದಲ್ಲಿ ಪಡುವಲ ಕೇರಿ ಗೆದ್ದಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದಿನ ಬೆಂಚಿನಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಹೆಂಡತಿಯ ಕೈ ನಿಂತದ್ದನ್ನು ನೋಡಿದ ಮೇಲೆಯೇ ಅಸಾಹೆಲನಿಗೆ ತಾನು ಆಡಿದ್ದೇನು ಎಂದು ಅರಿವಾಯಿತು.

ಮನೆಗೆ ಬಂದು ಅವನು ಬೇಡಿಕೊಂಡ, ತನ್ನನ್ನೇ ಬೈದುಕೊಂಡ. ನಾಳೆಯೇ ಹೋಗಿ ಮಾತು ಹಿಂದಕ್ಕೆ ಪಡೆಯುತ್ತೇನೆ ಎಂದ. ಕೆಜಾಯಾ ಅರ್ಧಕ್ಕೆ ನಿಂತಿದ್ದ ಕಾಲುಚೀಲವನ್ನು ಮತ್ತೆ ಹೆಣೆಯತೊಡಗಿದಳು. ಅನಂತರ ಹೇಳಿದಳು: "ಬೇಡ. ಆಡಿದ ಮಾತು ತಿನ್ನುವ ಗಂಡನ ಜೊತೆ ಆರು ದಿನ ಇರುವುದಕ್ಕಿಂತ ಭಾನುವಾರ ಮನೆಯಲ್ಲಿರುವುದೇ ವಾಸಿ. ಎಳೆಸಿ. ಆದರೆ ಗೋಡೆ ಬಿರುಕು ಬಿಡದ ಹಾಗೆ ಎಳೆಸಿ, ಬೇರೆಯವರಿಗಾದರೂ ಬೇಕಲ್ಲ." ಅಸಾಹೆಲ್, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದುಕೊಂಡ.

ಹಿಮ ಗಟ್ಟಿಯಾದ ಮೇಲೆ ಆ ದಿನ ಬಂತು. ಒಳಗೆ ಜನ ಕೂರುವ ಪೀಠಗಳನ್ನೆಲ್ಲ ಕಳಚಿ ಹೊರೆ ಇಳಿಸಿದರು. ಕಟ್ಟಡದ ಅಡಿಗೆ ಎರಡು ಮಹಾ ದಿಮ್ಮಿ ಕೊಟ್ಟರು. ಎರಡೂ ಕೇರಿಯ ಎತ್ತುಗಳನ್ನು ಸಾಲಾಗಿ ಸರಪಣಿಗೆ ಹೂಡಿದರು. ಸಾಲು ಎಷ್ಟು ಉದ್ದವಿತ್ತೆಂದರೆ ಮುಂದಿನ ಜೋಡಿಗೆ ಹೇಳಿದ್ದು ಹಿಂದಿನ ಜೋಡಿಗೆ ಕೇಳುತ್ತಿರಲಿಲ್ಲವಂತೆ. ಅಸಾಹೆಲ್ ಮುಂದೆ ನಿಂತು ಮೆಲ್ಲಗೆ ಏನೋ ಅಂದ. ಸರಪಣಿ ಬಿಗಿಯಿತು, ಕಟ್ಟಡ ನರಳಿತು, ಹೊರಟೇಬಿಟ್ಟಿತು. ತಗ್ಗಿನಿಂದ ದಿಣ್ಣೆಯ ನೆತ್ತಿಯವರೆಗೆ, ಕಿಟಕಿಯ ಒಂದು ಗಾಜೂ ಒಡೆಯದಂತೆ, ಅವನು ಅದನ್ನು ಏರಿಸಿದ. ಮನಸ್ಸು ಬೇಡವೆನ್ನುತ್ತಿದ್ದರೂ ಕೈ ಮೋಸ ಮಾಡಲಿಲ್ಲ. ಮೂಡಲದವರು ಹಲ್ಲು ಕಡಿದುಕೊಂಡರೂ, ಆಹಾ, ಎತ್ತು ಹೊಡೆದರೆ ಹೀಗೆ ಹೊಡೆಯಬೇಕು ಎಂದರು.

ನೆತ್ತಿಯಲ್ಲಿ ನಿಲ್ಲಲೇಬೇಕಿತ್ತು. ಆಚೆಗೆ ಇಳಿಜಾರು, ಅರ್ಧ ಎತ್ತುಗಳನ್ನು ಬಿಚ್ಚಿ ಹಿಂದಕ್ಕೆ ಕಟ್ಟಿ ಹಿಡಿಸದಿದ್ದರೆ ಕಟ್ಟಡ ಎತ್ತುಗಳ ಮೇಲೆಯೇ ನುಗ್ಗುತ್ತದೆ. ಹೊರೆಯನ್ನು ಹಿಮದ ಮೇಲೆ ನಿಲ್ಲಿಸುವಾಗ ಒಂದು ಕೆಲಸವನ್ನು ಅಲ್ಲಿ ಯಾರೂ ಮರೆಯುತ್ತಿರಲಿಲ್ಲ. ಜಾರಿ ಜಾರಿ ದಿಮ್ಮಿಯ ತಳ ಬಿಸಿಯಾಗಿರುತ್ತದೆ, ಅಡಿಯ ಹಿಮ ಕರಗಿ ನೀರಾಗುತ್ತದೆ. ಸುಮ್ಮನೆ ನಿಲ್ಲಿಸಿದರೆ ಆ ನೀರು ಕಲ್ಲಿನಂತೆ ಹೆಪ್ಪುಗಟ್ಟಿ ದಿಮ್ಮಿಯನ್ನು ನೆಲಕ್ಕೆ ಕಚ್ಚಿಸಿಬಿಡುತ್ತದೆ. ಅದಕ್ಕೇ ನಿಲ್ಲಿಸುವ ಮೊದಲು ದಿಮ್ಮಿಯ ಅಡಿಗೆ ಅಡ್ಡಗೋಲು ಹಾಸುವುದು ವಾಡಿಕೆ. ಹಾಲು ಕುಡಿಯುವ ಕೂಸಿಗೂ ಅಲ್ಲಿ ಅದು ಗೊತ್ತು. ಆದರೆ ಅಂದು ಏನಾಯಿತೆಂದರೆ, ಪಡುವಲದವರು ಹಾಸುತ್ತಾರೆಂದು ಮೂಡಲದವರು ಸುಮ್ಮನಿದ್ದರು, ಮೂಡಲದವರು ಹಾಸುತ್ತಾರೆಂದು ಪಡುವಲದವರು ಸುಮ್ಮನಿದ್ದರು. ಅಡ್ಡಗೋಲು ಎಲ್ಲಿ ಎಂದು ಅಸಾಹೆಲ್ ಕೂಗಿದ. ನಿಮಗೆ ಬೇಕಾದ ಮನೆ, ನೀವೇ ಹಾಸಿಕೊಳ್ಳಿ ಸಹೋದರ ಎಂದರು ಮೂಡಲದವರು. ದಿಣ್ಣೆಯ ಈಚೆಯದು ನಿಮ್ಮ ನೆಲ, ನಿಮ್ಮ ಕೆಲಸ ಸಹೋದರ ಎಂದರು ಪಡುವಲದವರು. ಮಾತಿಗೆ ಮಾತು ಬೆಳೆಯಿತು. ಅಸಾಹೆಲ್ ತಾನೇ ಒಂದು ಕೋಲನ್ನು ಹೆಗಲಿಗೇರಿಸಿಕೊಂಡು ಹೊರಟ. ಅಷ್ಟರಲ್ಲಿ ಸಭಾಧ್ಯಕ್ಷರು ಒಂದು ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ನಿಂತು, ಇದು ಊರ ಕೆಲಸ, ಊರೇ ತೀರ್ಮಾನಿಸಬೇಕು, ಅಲ್ಲಿಯವರೆಗೆ ಯಾರೂ ಕೈ ಹಚ್ಚಕೂಡದು, ಕೋಲು ಕೆಳಗಿಡಿ ಎಂದರು. ಅಸಾಹೆಲ್ ಒಂದು ಗಳಿಗೆ ನಿಂತ. ಅಧ್ಯಕ್ಷರ ಮಾತು ಮೀರಿ ದಿಮ್ಮಿಯ ಮುಂದೆ ಕೋಲು ಹಾಸಿ ಎತ್ತುಗಳನ್ನು ಎರಡು ಹೆಜ್ಜೆ ಮುಂದಿಡಿಸಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಎಳೆಸುತ್ತೇನೆಂದು ಮಾತು ಕೊಟ್ಟಿದ್ದೆನೇ ಹೊರತು ಊರನ್ನು ಅದರ ಬುದ್ಧಿಯಿಂದ ಕಾಪಾಡುತ್ತೇನೆಂದು ಕೊಟ್ಟಿರಲಿಲ್ಲವಲ್ಲ ಎಂದುಕೊಂಡ. ಕೋಲನ್ನು ಮೆಲ್ಲಗೆ ಕೆಳಗಿಟ್ಟ.

ಸಭೆ ಅಲ್ಲೇ ಹಿಮದಲ್ಲಿ ಸೇರಿತು. ಒಬ್ಬ ಸೂಚಿಸಿದ, ಇನ್ನೊಬ್ಬ ತಿದ್ದಿದ, ಮತ್ತೊಬ್ಬ ತಿದ್ದಿದ್ದನ್ನು ತಿದ್ದಿದ. ಕೈ ಎಣಿಸಿದರು, ಎಣಿಕೆ ತಪ್ಪೆಂದು ಮತ್ತೆ ಎಣಿಸಿದರು. ಕೊನೆಗೆ ಎರಡೂ ಕಡೆಯವರು ಸೇರಿ ಹಾಸತಕ್ಕದ್ದು ಎಂದು ತೀರ್ಮಾನವಾಗುವ ಹೊತ್ತಿಗೆ ಹಾಸಲು ಜಾಗವೇ ಉಳಿದಿರಲಿಲ್ಲ. ದಿಮ್ಮಿ ನೆಲದೊಡನೆ ಒಂದಾಗಿತ್ತು. ಎತ್ತುಗಳನ್ನು ಮತ್ತೆ ಹೂಡಿದರು, ಎಳೆಸಿದರು. ಕಟ್ಟಡ ಸ್ವಲ್ಪ ತಿರುಚಿಕೊಂಡು ಓರೆಯಾಯಿತೇ ಹೊರತು ಮುಂದಕ್ಕೆ ಬರಲಿಲ್ಲ. ಸರಪಣಿ ಹರಿಯಿತು. ಬೇರೆ ಸರಪಣಿ ತಂದರು, ಅದೂ ಹರಿಯಿತು. ಆಮೇಲೆ ಮುಂದಿನ ಜೋಡಿ ಮಂಡಿಯೂರಿ ಮಲಗಿತು. ಅದನ್ನು ನೋಡಿ ಹಿಂದಿನದು, ಅದರ ಹಿಂದಿನದು. ಸಾಲಿಗೆ ಸಾಲೇ ಹಿಮದ ಮೇಲೆ ಮಲಗಿ ಮೆಲುಕು ಹಾಕತೊಡಗಿತು. ಮನುಷ್ಯರಿಗಿಂತ ಮೊದಲು ಅವಕ್ಕೆ ಬುದ್ಧಿ ಬಂತು ಎಂದು ಈಗಲೂ ಆ ಊರವರು ನಗುತ್ತಾರೆ. ಪಡುವಲದವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಿಮ ಕರಗಲಿ, ವಸಂತದಲ್ಲಿ ಎಳೆಸಿದರಾಯಿತು ಎಂದು ಮನೆಗೆ ಹೋದರು.

ಆ ಚಳಿಗಾಲವೆಲ್ಲ ಪ್ರಾರ್ಥನೆ ದಿಣ್ಣೆಯ ಮೇಲೆಯೇ ನಡೆಯಿತು, ಬೇರೆ ಗತಿಯೇನಿತ್ತು? ಇಡೀ ದಿಣ್ಣೆ ದಾಟಲಾಗದಿದ್ದರೂ ನೆತ್ತಿಯವರೆಗಾದರೂ ಆದೀತೆಂದು ಮೊದಲ ಭಾನುವಾರ ಅಸಾಹೆಲ್ ಹೆಂಡತಿಗೆ ಹೆಗಲು ಕೊಟ್ಟು, ಅಲ್ಲಲ್ಲಿ ಕೂರಿಸಿ, ಮೇಲಕ್ಕೆ ಕರೆತಂದ. ಅವಳಿಗೆ ಏದುಸಿರು, ಮುಖದ ತುಂಬ ನಗು. ಅದೇ ಹೊತ್ತಿಗೆ ಆಚೆ ಬದಿಯಿಂದ ಜೋಥಮ್ ಬರ್ಡ್ಸಿ ಒಂದು ಮುದುಕಿಯನ್ನು ತೋಳು ಹಿಡಿದು ಹತ್ತಿಸಿಕೊಂಡು ಬರುತ್ತಿದ್ದ. ಅವನ ತಾಯಿ ಮೆಹಿಟಬೆಲ್. ಇಡೀ ದಿಣ್ಣೆ ಹತ್ತಿ ಇಳಿಯಲಾರದೆ, ಕುದುರೆಯ ಮೇಲೂ ಕೂರಲಾರದೆ ಆಕೆ ಎಷ್ಟೋ ವರ್ಷದಿಂದ ಕೂಟದ ಮನೆಯ ಮುಖ ಕಂಡಿರಲಿಲ್ಲ. ಆಕೆ ಇನ್ನೂ ಬದುಕಿದ್ದಾಳೆಂಬುದೇ ಮೂಡಲದ ಎಷ್ಟೋ ಜನಕ್ಕೆ ಮರೆತುಹೋಗಿತ್ತು. ಅಸಾಹೆಲ್ ಇಷ್ಟು ದಿನ ಜೋಥಮನನ್ನು ಹೆಸರಿಗೆ ಹಾತೊರೆಯುವ ಜಂಬಗಾರನೆಂದೇ ತಿಳಿದು ಮನಸ್ಸಿನಲ್ಲೇ ಶಪಿಸುತ್ತಿದ್ದ. ಇವನೂ ನನ್ನ ಹಾಗೆಯೇ ಒಬ್ಬಳಿಗಾಗಿ ಒದ್ದಾಡಿದವನು ಎಂದು ಅಂದು ಕಣ್ಣಿಗೆ ಬಿತ್ತು. ಶಪಿಸಿದ್ದಕ್ಕೆ ನಾಚಿಕೆಯಾಯಿತು.

ಆ ಊರಲ್ಲಿ ಪೀಠಗಳಿಗೆ ಅಂತಸ್ತಿತ್ತು. ಹಿರಿಯ ಮನೆತನದವರು ಮುಂದೆ, ಎತ್ತು ಹೊಡೆಯುವವನ ಹೆಂಡತಿ ಗೋಡೆಯ ಬದಿಗೆ. ಆದರೆ ಪೀಠಗಳು ಕಳಚಿ ಬಿದ್ದಿದ್ದವು. ಹೇಗೂ ವಸಂತದಲ್ಲಿ ಮತ್ತೆ ಹೊರಡುವುದಿದೆಯೆಂದು ಹಲಗೆಗಳನ್ನು ಅಲ್ಲಲ್ಲಿ ಹಾಕಿ, ಸಿಕ್ಕವರು ಸಿಕ್ಕಲ್ಲಿ ಕುಳಿತರು. ಒಳಗೆ ಒಲೆಯಿಲ್ಲ. ಕಾಲಡಿಗೆ ಇಟ್ಟುಕೊಳ್ಳುವ ಕೆಂಡದ ಡಬ್ಬಿ ಮೆಹಿಟಬೆಲ್ ಬಳಿ ಇತ್ತು, ಕೆಜಾಯಾ ಬಳಿ ಇರಲಿಲ್ಲ. ಬಾ ತಾಯಿ, ನಿನ್ನ ಕಾಲನ್ನೂ ಇಲ್ಲೇ ಇಡು ಎಂದು ಮುದುಕಿ ಸರಿದು ಜಾಗ ಮಾಡಿಕೊಟ್ಟಳು. ಅಲ್ಲಿಂದ ಇಬ್ಬರೂ ಪ್ರತಿ ಭಾನುವಾರ ಜೊತೆಗೇ ಕೂರತೊಡಗಿದರು. ಪಾದ್ರಿಯ ಉಪದೇಶ ಉದ್ದವಾದಷ್ಟೂ ಇವರಿಗೆ ಸಂತೋಷ. ಮಧ್ಯಾಹ್ನದ ಬಿಡುವಿನಲ್ಲಿ ಒಂದೇ ಬುತ್ತಿ. ಒಬ್ಬಳಿಗೆ ಮಗಳಿರಲಿಲ್ಲ, ಇನ್ನೊಬ್ಬಳಿಗೆ ತಾಯಿ ಇರಲಿಲ್ಲ.

ಹಿಮ ಕರಗಿತು. ದಿಮ್ಮಿ ನೆಲ ಬಿಟ್ಟಿತು. ಸಭೆ ಕರೆದರು. ಜೋಥಮ್ ಎದ್ದು, ಸಹೋದರ ಟಿಲ್ಡನ್, ಎತ್ತು ಸಿದ್ಧವಿದೆಯೇ ಎಂದು ಕೇಳಿದ. ಅಸಾಹೆಲನಿಗೆ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಕೊಟ್ಟ ಮಾತು ಇನ್ನೂ ತೀರಿರಲಿಲ್ಲ. ಸಿದ್ಧವಿದೆ ಎಂದ. ಹಿಂದಕ್ಕೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಆಗ ಹಿಂದಿನ ಹಲಗೆಯಿಂದ ಮೆಹಿಟಬೆಲ್ ಅಜ್ಜಿ ಎದ್ದು ನಿಂತಳು. ಹೆಂಗಸರು ಮಾತಾಡುವಂತಿಲ್ಲವೆಂದು ಅಧ್ಯಕ್ಷರು ಮೇಜು ಕುಟ್ಟಿದರು. "ಕುಟ್ಟಿಕೋ ಮಗನೇ," ಎಂದಳು ಅಜ್ಜಿ. "ನನಗೆ ಮತ ಇಲ್ಲದಿದ್ದರೂ ಬಾಯಿ ಇದೆ." ಆಮೇಲೆ ಮಗನ ಕಡೆ ತಿರುಗಿದಳು. "ಜೋಥಮ್, ನೀನು ಯಾರಿಗಾಗಿ ಇಷ್ಟೆಲ್ಲ ಮಾಡಿದೆ ಅಂತ ನನಗೆ ಗೊತ್ತು. ಇದನ್ನು ನಮ್ಮ ಮನೆ ಬಾಗಿಲಿಗೇ ತಂದು ನಿಲ್ಲಿಸಬಲ್ಲೆ ನೀನು. ಆದರೆ ಅಲ್ಲಿಗೆ ಕೆಜಾಯಾ ಬರಲಾರಳು. ಆಗ ನನ್ನ ಪಕ್ಕದಲ್ಲಿ ಕೂರುವವರು ಯಾರು?"

ಜೋಥಮ್ ಹುಟ್ಟಿದಾಗಿನಿಂದ ಹಿಡಿದದ್ದನ್ನು ಬಿಟ್ಟವನಲ್ಲ, ಅಂದು ಬಿಟ್ಟ. ನನ್ನ ಸೂಚನೆ ಹಿಂದಕ್ಕೆ ಪಡೆದಿದ್ದೇನೆ ಎಂದು ಹೇಳಿ ಕುಳಿತ. ಹಾಗೆ ಸುಮ್ಮನೆ ಬಿಡುವ ಊರೇ ಅದು? ಕೂಟದ ಮನೆ ಇದ್ದಲ್ಲೇ ಇರತಕ್ಕದ್ದು ಎಂಬುದಕ್ಕೂ ಕೈ ಎತ್ತಿಸಿದರು. ಆ ಊರ ಚರಿತ್ರೆಯಲ್ಲೇ ಮೊದಲ ಸಲ ಎಲ್ಲ ಕೈಗಳೂ ಮೇಲಕ್ಕೆ ಹೋದವು. ಅಧ್ಯಕ್ಷರು ಎಣಿಸಿ, ಮತ್ತೆ ಎಣಿಸಿ, ಕೈ ಇಳಿಸಿ ಎಂದರು. ಎಲ್ಲರೂ ಇಳಿಸಿದರು, ಅಸಾಹೆಲ್ ಒಬ್ಬ ಇಳಿಸಲಿಲ್ಲ. ಅವನು ಹಿಂದಕ್ಕೆ ತಿರುಗಿ ಹೆಂಡತಿಯ ಮುಖ ನೋಡುತ್ತ, ಎತ್ತಿದ ಕೈಯನ್ನು ಮರೆತೇಬಿಟ್ಟಿದ್ದ. "ಎಣಿಸಿ ಆಯಿತು, ಸಹೋದರ ಟಿಲ್ಡನ್," ಎಂದು ಅಧ್ಯಕ್ಷರು ಮೆಲ್ಲಗೆ ಹೇಳಿದರಂತೆ. "ನಿಮ್ಮ ಕೈಯೂ ಲೆಕ್ಕಕ್ಕೆ ಬಂದಿದೆ."

ಕಟ್ಟಡವನ್ನು ನೇರ ಮಾಡುವ ಮಾತು ಅಲ್ಲಿಂದ ಇಲ್ಲಿಯವರೆಗೆ ಹಲವು ಸಲ ಸಭೆಗೆ ಬಂದಿದೆ, ಪ್ರತಿ ಸಲವೂ ಬಿದ್ದುಹೋಗಿದೆ ಎನ್ನುತ್ತಾರೆ. ಈಗ ಹೋದವರು ಕಾಣುವುದು ಇಷ್ಟು: ಬಿಳಿಯ ಹಲಗೆ ಗೋಡೆ, ಓರೆಯಾದ ಬಾಗಿಲು, ಆ ಬಾಗಿಲಿಗೆ ಒಂದು ಮೂಡಲಿನಿಂದ ಒಂದು ಪಡುವಲಿನಿಂದ ಹತ್ತಿ ಬರುವ ಎರಡು ಕಾಲುದಾರಿ. ಎರಡೂ ಚೆನ್ನಾಗಿ ಸವೆದಿವೆ. ಭಾನುವಾರ ಬೆಳಿಗ್ಗೆ ಹೋದರೆ ಎರಡೂ ಕಡೆಯಿಂದ ವಯಸ್ಸಾದವರು ನಿಧಾನಕ್ಕೆ ಹತ್ತಿ ಬರುವುದು ಕಾಣುತ್ತದೆ. ಮೊದಲು ತಲುಪಿದವರು ಒಳಗೆ ಹೋಗುವುದಿಲ್ಲ. ಆಚೆ ಬದಿಯವರು ಬರುವವರೆಗೆ ಬಾಗಿಲಲ್ಲೇ ಕಾಯುತ್ತಾರೆ.