ಎಲ್ಲರಿಗೂ ಒಂದೇ ಬಟ್ಟೆ

"ಗುರುಗಳೇ, ಶಾಲೆಯ ಮಕ್ಕಳೆಲ್ಲ ಒಂದೇ ಬಗೆಯ ಬಟ್ಟೆ ತೊಡಲೇಬೇಕು ಎಂದು ಕಟ್ಟಳೆ ಮಾಡುವುದು ಸರಿಯೋ, ತಪ್ಪೋ?"

ಕೇಳಿದವನು ನಿರ್ವಾಣಪ್ಪ. ಮಠದ ಶಾಲೆಯ ಉಸ್ತುವಾರಿ ಅವನದು. ಆ ವರ್ಷ ಶಾಲೆಯಲ್ಲಿ ಸಮವಸ್ತ್ರ ಜಾರಿಗೆ ಬಂದಿತ್ತು. ಬೇಕು ಎನ್ನುವವರು ಒಂದು ಕಡೆ, ಬೇಡ ಎನ್ನುವವರು ಇನ್ನೊಂದು ಕಡೆ ನಿಂತು ಜಗ್ಗಾಡುತ್ತಿದ್ದರು. ಇಬ್ಬರಿಗೂ ಸಮಾಧಾನ ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಗುರುಗಳಿಂದ ಒಂದು ಮಾತು ಹೇಳಿಸಿಬಿಟ್ಟರೆ ಎಲ್ಲರ ಬಾಯಿ ಮುಚ್ಚಿಸಬಹುದು ಎಂದುಕೊಂಡು, ಸುರಿಯುವ ಮಳೆಯಲ್ಲೇ ಬಂದಿದ್ದ.

ಗುರುಗಳು ಅವನನ್ನು ಕೂರಿಸಿ, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಉಪಾಧ್ಯಾಯನಿದ್ದ. ಒಳ್ಳೆಯ ಮನುಷ್ಯ. ಮಕ್ಕಳ ಮೇಲೆ ಎಂದೂ ಕೈ ಎತ್ತಿದವನಲ್ಲ. ತಾನು ಒಳ್ಳೆಯವನೆಂಬುದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಅದೊಂದು ಗೊತ್ತಿರದಿದ್ದರೆ ಇನ್ನೂ ಒಳ್ಳೆಯವನಾಗುತ್ತಿದ್ದನೋ ಏನೋ.

ಅವನ ಶಾಲೆಗೆ ಒಬ್ಬ ಮಡಿವಾಳಗಿತ್ತಿಯ ಮಗಳು ಬರುತ್ತಿದ್ದಳು. ತಂದೆ ಇಲ್ಲದ ಮಗು. ತಾಯಿ ಊರವರ ಬಟ್ಟೆ ಒಗೆದು ಮಗಳನ್ನು ಓದಿಗೆ ಕಳಿಸುತ್ತಿದ್ದಳು. ಒಂದು ದಿನ ಆ ಹುಡುಗಿ ಯಾರೋ ಕೊಟ್ಟ ಹಸಿರು ಲಂಗ ತೊಟ್ಟುಕೊಂಡು ಬಂದಳು. ಅವಳ ಪಾಲಿಗೆ ಅದು ಹೊಸ ಬಟ್ಟೆ. ವ್ಯಾಪಾರಿಯ ಮಗಳು ಅದನ್ನು ಕಂಡವಳೇ, "ಅಯ್ಯೋ, ಅದು ನನ್ನ ಹಳೇ ಲಂಗ! ಬೇಕಾದ್ರೆ ನೋಡಿ, ಹಿಂದುಗಡೆ ನಾನು ಮುಳ್ಳಿಗೆ ಸಿಕ್ಕಿಸಿ ಹರಿದಿದ್ದು ಹಾಗೇ ಇದೆ!" ಎಂದು ಕೂಗಿದಳು. ಮಕ್ಕಳೆಲ್ಲ ಆ ಹರಕನ್ನು ನೋಡಲು ಮುತ್ತಿಕೊಂಡರು. ಮಡಿವಾಳಗಿತ್ತಿಯ ಮಗಳು ಲಂಗವನ್ನು ಎರಡೂ ಕೈಯಲ್ಲಿ ಮುದುರಿ ಹಿಡಿದು, ಗೋಡೆಗೆ ಬೆನ್ನು ಒತ್ತಿ ನಿಂತಳು. ಆ ದಿನದ ಪಾಠಗಳೆಲ್ಲ ಮುಗಿಯುವವರೆಗೂ ಅವಳು ಕೂರಲಿಲ್ಲ.

ಉಪಾಧ್ಯಾಯ ಇದನ್ನೆಲ್ಲ ಕಂಡ. ಆ ಸಂಜೆಯೇ ಊರ ಗೌಡನ ಮನೆಗೆ ಹೋಗಿ, ಮಕ್ಕಳಿಗೆಲ್ಲ ಒಂದೊಂದು ಜೊತೆ ಬಿಳಿ ಬಟ್ಟೆ ಹೊಲಿಸಿಕೊಡಬೇಕೆಂದು ಬೇಡಿಕೊಂಡ. ಗೌಡ ಒಪ್ಪಿದ. ತಿಂಗಳೊಳಗೆ ಶಾಲೆಯ ತುಂಬ ಬಿಳಿ ಬಟ್ಟೆ. ಉಪಾಧ್ಯಾಯ ಕಟ್ಟಳೆ ಮಾಡಿದ: ಬಿಳಿ ಬಟ್ಟೆ ಇಲ್ಲದವರು ಹೊಸ್ತಿಲು ದಾಟುವಂತಿಲ್ಲ, ಬಟ್ಟೆ ಕೊಳೆಯಾಗಿರಲೂ ಕೂಡದು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿ ಒಳಗೆ ಬಿಡುತ್ತಿದ್ದ. ಯಾರು ಯಾರ ಮನೆಯ ಮಗು ಎಂದು ಬಟ್ಟೆ ನೋಡಿ ಹೇಳಲು ಆಗುತ್ತಿರಲಿಲ್ಲ. ಅದನ್ನು ಕಂಡು ಅವನ ಕಣ್ಣು ತುಂಬಿ ಬಂತು.

ಹುಡುಗಿಯೂ ಅರಳಿದಳು. ವ್ಯಾಪಾರಿಯ ಮಗಳ ಪಕ್ಕದಲ್ಲೇ ಕೂರತೊಡಗಿದಳು. ದಿನಾ ಸಂಜೆ ಬಟ್ಟೆ ಬಿಚ್ಚಿ ತಾಯಿಯ ಕೈಗೆ ಕೊಡುವಳು. ತಾಯಿ ಅಂಟವಾಳದ ನೊರೆಯಲ್ಲಿ ಅದ್ದಿ ಒಗೆದು ಹರವುವಳು. ಶಾಲೆಗೆಲ್ಲ ಅವಳ ಬಟ್ಟೆಯೇ ಬಿಳುಪು. ಉಪಾಧ್ಯಾಯ ಅವಳನ್ನು ಮುಂದೆ ನಿಲ್ಲಿಸಿ, "ಬಟ್ಟೆ ಹೇಗಿರಬೇಕು ಅಂದರೆ ಇವಳನ್ನು ನೋಡಿ ಕಲಿಯಿರಿ" ಎನ್ನುತ್ತಿದ್ದ. ಹುಟ್ಟಿದ ಮೇಲೆ ನಾಲ್ಕು ಜನರ ಮುಂದೆ ಅವಳು ಕೇಳಿದ ಮೊದಲ ಹೊಗಳಿಕೆ ಅದು. ಅದನ್ನು ಕಳೆದುಕೊಳ್ಳಲು ಯಾವ ಮಗುವಿಗೆ ಮನಸ್ಸು ಬಂದೀತು?

ಕೈಲಾದವರು ತಮ್ಮ ಮಕ್ಕಳಿಗೆ ಇನ್ನೆರಡು ಜೊತೆ ಹೊಲಿಸಿಕೊಂಡಿದ್ದರು. ಅವಳಿಗೆ ಇದ್ದದ್ದು ಗೌಡ ಕೊಟ್ಟ ಒಂದೇ ಜೊತೆ. ಇದು ಉಪಾಧ್ಯಾಯನ ತಲೆಗೆ ಹೊಳೆಯಲಿಲ್ಲ.

ಮಳೆಗಾಲ ಬಂತು. ಮಡಿವಾಳರಲ್ಲಿ ಒಂದು ಪದ್ಧತಿ ಇದೆ. ಬಿಸಿಲಿಲ್ಲದ ದಿನಗಳಲ್ಲಿ ಗುಡಿಸಲಿನೊಳಗೆ ಹಗ್ಗ ಕಟ್ಟಿ, ಕೆಳಗೆ ಕೆಂಡ ಹರಡಿ ಬಟ್ಟೆ ಒಣಗಿಸುತ್ತಾರೆ. ಮೊದಲು ಊರವರ ಬಟ್ಟೆ; ತಮ್ಮದು ಎಲ್ಲಕ್ಕಿಂತ ಕೊನೆಗೆ. ಹಸಿ ಬಟ್ಟೆಯನ್ನು ಊರವರ ಮನೆಗೆ ಕೊಡುವಂತಿಲ್ಲ. ಈಗ ಕೈಲಾದವರ ಮಕ್ಕಳ ಬಿಳಿ ಬಟ್ಟೆಗಳೆಲ್ಲ ಆ ಒಂದೇ ಗುಡಿಸಲಿಗೆ ಬರುತ್ತಿದ್ದವು. ಕೆಂಡದ ಮೇಲೆ ವ್ಯಾಪಾರಿಯ ಮಗಳ ಬಟ್ಟೆ ಒಣಗುತ್ತಿತ್ತು, ಗೌಡನ ಮೊಮ್ಮಗನ ಬಟ್ಟೆ ಒಣಗುತ್ತಿತ್ತು. ತನ್ನ ಮಗಳ ಬಟ್ಟೆಯ ಸರದಿ ಬರುವ ಹೊತ್ತಿಗೆ ಕೆಂಡ ಆರಿರುತ್ತಿತ್ತು. ಸೌದೆಯೂ ಹಸಿ, ಮತ್ತೆ ಹೊತ್ತಿಸಲು ಆಗದು.

ಒಂದು ಬೆಳಿಗ್ಗೆ ಹುಡುಗಿ ಆ ಹಸಿರು ಲಂಗದಲ್ಲೇ ಬಂದು ಶಾಲೆಯ ಸೂರಿನ ಕೆಳಗೆ ನಿಂತಳು. ಉಪಾಧ್ಯಾಯ ಬೈಯಲಿಲ್ಲ. ಬಹಳ ಪ್ರೀತಿಯಿಂದಲೇ ಹೇಳಿದ: "ಮಗೂ, ಕಟ್ಟಳೆ ಎಲ್ಲರಿಗೂ ಒಂದೇ. ನಿನಗೋಸ್ಕರವೇ ಮಾಡಿದ್ದು ಕಣಮ್ಮ ಇದು. ನೀನೇ ಮುರಿದರೆ ಹೇಗೆ?"

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಒಳಗಿನಿಂದ ವ್ಯಾಪಾರಿಯ ಮಗಳು ಇತ್ತಲೇ ನೋಡುತ್ತಿದ್ದಳು. ಹುಡುಗಿ ಹಿಂತಿರುಗಿ ಓಡಿದಳು. ಮೊದಲ ಪಾಠ ಮುಗಿಯುವುದರೊಳಗೆ ಬಿಳಿ ಬಟ್ಟೆ ತೊಟ್ಟು ಬಂದಳು. ಉಪಾಧ್ಯಾಯ ಹಿಗ್ಗಿದ. ಒಂದು ಒಳ್ಳೆಯ ಮಾತಿಗೆ ಎಷ್ಟು ಬೆಲೆ ಎಂದು ತನ್ನನ್ನೇ ಮೆಚ್ಚಿಕೊಂಡ. ಮಳೆಯಲ್ಲಿ ನಡೆದು ಬಂದ ಮಕ್ಕಳೆಲ್ಲ ಅಷ್ಟಿಷ್ಟು ನೆನೆದೇ ಇದ್ದರು. ಅವರ ನಡುವೆ ಅವಳ ಬಟ್ಟೆಯನ್ನು ಯಾರೂ ಬೇರೆಯಾಗಿ ನೋಡಲಿಲ್ಲ. ಅವಳು ಮಾತ್ರ ಅಂದಿನಿಂದ ಗೋಡೆಗೆ ಒರಗಲಿಲ್ಲ, ಪಕ್ಕದವರಿಗೆ ತಾಗಲಿಲ್ಲ, ನೆಟ್ಟಗೆ ಕೂತಳು. ಅದನ್ನೂ ಉಪಾಧ್ಯಾಯ ಶಿಸ್ತು ಎಂದುಕೊಂಡ.

ಆ ಮೇಲೆ ಅವಳು ಒಂದು ದಿನವೂ ಕಟ್ಟಳೆ ತಪ್ಪಲಿಲ್ಲ. ಕೆಮ್ಮು ಶುರುವಾಯಿತು. "ಮಳೆಯಲ್ಲಿ ಆಡಬೇಡ" ಎಂದು ಉಪಾಧ್ಯಾಯ ಗದರಿದ. ಅವಳು ಆಗಲಿ ಎಂದು ತಲೆಯಾಡಿಸಿದಳು. ಆಮೇಲೆ ಬರುವುದನ್ನೇ ನಿಲ್ಲಿಸಿದಳು. ನೆಂಟರ ಮನೆಗೆ ಹೋಗಿರಬೇಕು ಎಂದು ಅವನು ಸುಮ್ಮನಾದ.

ಮಳೆ ಹೊಳವಾಗಿ ಬಿಸಿಲು ಬಂದ ಮೇಲೆ ಸುದ್ದಿ ತಿಳಿಯಿತು. ಓಡಿ ಹೋದ. ಗುಡಿಸಲಿನ ಮುಂದೆ ತಾಯಿ ಒಬ್ಬಳೇ ಕೂತಿದ್ದಳು. ಮಣ್ಣು ಮಾಡಿ ಮೂರು ದಿನವಾಗಿತ್ತು. ಅವನನ್ನು ಕಂಡು ಎದ್ದು ಒಳಗೆ ಹೋದಳು. ಮಡಿಸಿದ ಬಿಳಿ ಬಟ್ಟೆಯನ್ನು ತಂದು ಅವನ ಮುಂದೆ ಹಿಡಿದಳು.

"ಇದು ಇಸ್ಕೂಲಿಂದು, ಮೇಷ್ಟ್ರೇ. ಇನ್ನೊಂದು ಮಗೀಗೆ ಆಗ್ತೈತೆ, ತಗೊಂಡೋಗಿ. ಬಿಸ್ಲು ಬಂತಲ್ಲ, ಈಗ ಚೆನ್ನಾಗಿ ಒಣಗೈತೆ."

ಅವಳು ಚುಚ್ಚಲು ಆಡಿದ ಮಾತಲ್ಲ ಅದು. ಇದ್ದದ್ದನ್ನು ಹೇಳಿದಳು ಅಷ್ಟೆ. ಉಪಾಧ್ಯಾಯನಿಗೆ ಸೂರಿನ ಕೆಳಗೆ ನಿಂತು ಬಾಯಿ ತೆರೆದ ಮಗು ಏನು ಹೇಳಲು ಹೊರಟಿತ್ತೆಂಬುದು ಆಗ ತಿಳಿಯಿತು. ಕೇಳಿಸಿಕೊಳ್ಳಲು ಒಂದು ಗಳಿಗೆ ಸಾಕಾಗುತ್ತಿತ್ತು. ಅವನು ಅಲ್ಲೇ ನೆಲದ ಮೇಲೆ ಕುಸಿದು, ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ತಾಯಿಯೇ ಅವನಿಗೆ ನೀರು ತಂದುಕೊಡಬೇಕಾಯಿತು.

ಮತ್ತೆ ಎರಡು ದಿನ ಮಳೆ ಹಿಡಿಯಿತು. ಮೂರನೆಯ ಬೆಳಿಗ್ಗೆ ಒಂದು ಹನಿಯೂ ಇರಲಿಲ್ಲ. ಉಪಾಧ್ಯಾಯ ಎಂದಿನಂತೆ ಬಾಗಿಲಲ್ಲಿ ನಿಂತ. ಮಕ್ಕಳು ಬಿಳಿ ಬಟ್ಟೆಯಲ್ಲಿ ಸಾಲಾಗಿ ಬಂದರು. ಅವನು ಆ ದಿನ ಕೊಳೆ ಇದೆಯೇ ಎಂದು ನೋಡಲಿಲ್ಲ. ಒಬ್ಬೊಬ್ಬರ ಹೆಗಲ ಮೇಲೂ ಕೈ ಇಟ್ಟ. ಮೂರು ಮಕ್ಕಳ ಹೆಗಲು ತಣ್ಣಗೆ ಒದ್ದೆಯಾಗಿತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ನಿರ್ವಾಣಪ್ಪ ಕಣ್ಣೊರೆಸಿಕೊಂಡ. ಆದರೂ ಬಂದ ಕೆಲಸ ಬಾಕಿ ಇತ್ತಲ್ಲ, ತಡೆಯದೆ ಕೇಳಿದ: "ಆಮೇಲೆ ಆ ಉಪಾಧ್ಯಾಯ ಕಟ್ಟಳೆಯನ್ನು ಉಳಿಸಿದನೇ, ತೆಗೆದನೇ ಗುರುಗಳೇ?"

ಗುರುಗಳು ಅವನ ಮುಖ ನೋಡಿ ಕೇಳಿದರು: "ಮೊದಲು ನೀನು ಹೇಳು ನಿರ್ವಾಣಪ್ಪ, ಒಣಗದ ಬಟ್ಟೆ ತೊಟ್ಟು ಇವತ್ತು ನಿನ್ನ ಶಾಲೆಗೆ ಬಂದ ಮಕ್ಕಳು ಯಾರು ಯಾರು?"